ಹನ್ನೊಂದು ಪುಟ

ಜೆರಾಕ್ಸ್ ಅಂಗಡಿಯವಳು ಬೆಳಿಗ್ಗೆ ಬೀದಿಯ ತಿರುವಿಗೆ ಬರುವಷ್ಟರಲ್ಲೇ ದೊಡ್ಡಪ್ಪನ ದನಿ ಕಿವಿಗೆ ಬೀಳುತ್ತಿತ್ತು. ಷಟರು ಇನ್ನೂ ಎತ್ತಿರುವುದಿಲ್ಲ, ಅವರಾಗಲೇ ಮೆಟ್ಟಿಲ ಮೇಲೆ ನಿಂತು ಪಕ್ಕದ ಚಪ್ಪಲಿ ಹೊಲಿಯುವವನಿಗೆ ತಮ್ಮ ಪುಸ್ತಕದ ವಿಷಯ ಹೇಳುತ್ತಿರುತ್ತಿದ್ದರು. ಚಪ್ಪಲಿಯವನು ಬಾಯಲ್ಲಿ ಮೊಳೆ ಕಚ್ಚಿಕೊಂಡು ಹೂಂಗುಡುತ್ತಿದ್ದ. ಮಾತಿಗೆ ಮಾತು ಕೊಡಬೇಕಾಗುತ್ತದೆಂದು ಕೆಲಸವಿಲ್ಲದಾಗಲೂ ಅವನು ಮೊಳೆ ಕಚ್ಚಿಕೊಂಡಿರುತ್ತಾನೆ ಅಂತ ಅವಳಿಗೆ ಗುಮಾನಿ.

ದೊಡ್ಡಪ್ಪ ಎಂದರೆ ಅವಳ ಅಪ್ಪನ ಅಣ್ಣ. ನೀರಿನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ವಾಲ್ವ್ ತಿರುಗಿಸಿದವರು. ಎದೆಯೆತ್ತರದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ, ರಸ್ತೆಯ ಮುಚ್ಚಳ ಎತ್ತಿ, ಈ ಬೀದಿಗೆ ನೀರು ಬಿಟ್ಟು ಆ ಬೀದಿಗೆ ನಿಲ್ಲಿಸಿದವರು. ಊರಿನ ನೆಲದಡಿ ಯಾವ ಪೈಪು ಎಲ್ಲಿ ಮಲಗಿದೆ, ಎಲ್ಲಿ ಹೊರಳಿದೆ ಎಂಬುದು ಇಲಾಖೆಯ ನಕ್ಷೆಗಿಂತ ಅವರಿಗೇ ಚೆನ್ನಾಗಿ ಗೊತ್ತು ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಹೆಚ್ಚಾಗಿ ಅವರೇ ಹೇಳುತ್ತಿದ್ದರು. ನಿವೃತ್ತರಾದ ದಿನ ಸನ್ಮಾನದ ಕುರ್ಚಿಯಿಂದ ಎದ್ದು, ಇದನ್ನೆಲ್ಲ ಒಂದು ಪುಸ್ತಕ ಮಾಡ್ತೀನಿ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯೇ ಕೇಡಾಯಿತು ಎಂದು ದೊಡ್ಡಮ್ಮ ಆಮೇಲೆ ಎಷ್ಟೋ ಸಲ ಹಣೆ ಚಚ್ಚಿಕೊಂಡಿದ್ದಾರೆ.

ಅದಾಗಿ ನಾಲ್ಕು ವರ್ಷ. ಪುಸ್ತಕಕ್ಕೆ ಹೆಸರಾಯಿತು, ಆ ಹೆಸರು ಆರು ಸಲ ಬದಲಾಯಿತು. ಹಿಂಬದಿಯ ರಟ್ಟಿಗೆಂದು ಸ್ಟುಡಿಯೋಗೆ ಹೋಗಿ, ಯಾರದೋ ಕೋಟು ತೊಟ್ಟು, ಗಲ್ಲಕ್ಕೆ ಕೈಯಿಟ್ಟು ಫೋಟೋ ತೆಗೆಸಿದ್ದಾಯಿತು. ಅರ್ಪಣೆ ಮೊದಲು ದೊಡ್ಡಮ್ಮನಿಗಿತ್ತು. ಒಂದು ವಾರ ಗಂಡ ಹೆಂಡತಿ ಮಾತು ಬಿಟ್ಟಾಗ ಅದು ಹಳೆಯ ಮೇಲಧಿಕಾರಿಗೆ ಹೋಯಿತು. ಆ ಮಹಾಶಯ ಬಸ್‌ಸ್ಟಾಪಿನಲ್ಲಿ ಕಂಡೂ ಕಾಣದ ಹಾಗೆ ಹೋದರೆಂದು ಮತ್ತೆ ದೊಡ್ಡಮ್ಮನಿಗೇ ಬಂತು. ಕೃತಜ್ಞತೆಯ ಪಟ್ಟಿಯಲ್ಲಿ ತನ್ನ ಹೆಸರು ಆರನೆಯದಾಗಿ ಬಂದಿದೆಯೆಂದು ಅವಳ ಸೋದರಮಾವ ಮುನಿಸಿಕೊಂಡರು. ಮುನ್ನುಡಿಯಂತೂ ಹದಿನೇಳು ಸಲ ತಿದ್ದುಪಡಿಯಾಯಿತು. ಇದನ್ನೆಲ್ಲ ಟೈಪ್ ಮಾಡಿದವಳು, ತಿದ್ದಿದವಳು, ಮುದ್ರಿಸಿ ಕೊಟ್ಟವಳು ಅವಳೇ. ಅವಳ ಕಂಪ್ಯೂಟರಿನಲ್ಲಿ ‘ದೊಡ್ಡಪ್ಪ ಕೊನೆಯದು’ ಎಂದೊಂದು ಫೈಲು, ‘ದೊಡ್ಡಪ್ಪ ಕೊನೆಯದು ಹೊಸದು’ ಎಂದೊಂದು, ‘ದೊಡ್ಡಪ್ಪ ನಿಜವಾಗಿ ಕೊನೆಯದು’ ಎಂದು ಮೂರು ಇದ್ದವು.

ಪುಸ್ತಕದ ಒಂದನೇ ಪುಟ ಮಾತ್ರ ಎಲ್ಲೂ ಇರಲಿಲ್ಲ. ಕೇಳಿದರೆ ದೊಡ್ಡಪ್ಪ ತಲೆಯನ್ನು ಬೆರಳಲ್ಲಿ ತಟ್ಟಿ, ಎಲ್ಲ ಇಲ್ಲಿದೆ, ಬರೆಯೋದೊಂದು ಬಾಕಿ ಎನ್ನುತ್ತಿದ್ದರು. ಅಡುಗೆ ಎಲ್ಲ ಆಗಿದೆ, ಒಲೆ ಹಚ್ಚೋದೊಂದು ಬಾಕಿ ಎಂದ ಹಾಗೆ.

ಅವಳ ತಾಳ್ಮೆ ತಪ್ಪಿದ್ದು ಯಾವುದೋ ಕೆಲಸದ ಅರ್ಜಿಗೆ ಕಡೆಯ ದಿನವಿದ್ದಾಗ. ಅಂಗಡಿಯೊಳಗೆ ಕಾಲಿಡಲು ಜಾಗವಿರಲಿಲ್ಲ. ಪ್ರತಿಯೊಬ್ಬರ ಕೈಯಲ್ಲೂ ಅಂಕಪಟ್ಟಿ, ಪ್ರತಿಯೊಬ್ಬರಿಗೂ ಅವಸರ. ಹೊತ್ತು ಹನ್ನೊಂದಾಗುವಾಗ ಯಂತ್ರ ಒಂದು ಹಾಳೆ ನುಂಗಿ ಕೂತಿತು. ಅವಳು ಮಂಡಿಯೂರಿ, ಯಂತ್ರದ ಹೊಟ್ಟೆಗೆ ಕೈ ಹಾಕಿ, ಮೊಣಕೈವರೆಗೂ ಕಪ್ಪು ಪುಡಿ ಮೆತ್ತಿಕೊಂಡು ಹರಿದ ಹಾಳೆಯನ್ನು ಚೂರು ಚೂರಾಗಿ ಎಳೆಯುತ್ತಿದ್ದಳು. ಆಗ ಜನರ ನಡುವೆ ದಾರಿ ಮಾಡಿಕೊಂಡು ಬಂದ ದೊಡ್ಡಪ್ಪ ಅವಳ ತಲೆಯ ಮೇಲೆ ಬಗ್ಗಿ, ಮುನ್ನುಡಿಯ ಎರಡನೇ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿದೆ, ಅದನ್ನು ತೆಗೆದು ಒಂದು ಪ್ರತಿ ಕೊಟ್ಟುಬಿಡು ಮಗಳೇ ಎಂದರು.

ಅವಳು ಎದ್ದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇನೋ.

"ದೊಡ್ಡಪ್ಪ, ಒಂದನೇ ಪುಟ ಬರೆದು ತನ್ನಿ. ಅದು ಬರೋವರೆಗೂ ನಿಮ್ಮ ಪುಸ್ತಕದ ಒಂದು ಹಾಳೆನೂ ಈ ಅಂಗಡಿಯಿಂದ ಆಚೆ ಹೋಗಲ್ಲ."

ಇಪ್ಪತ್ತು ಜನರೆದುರು ಅಂದ ಮಾತು. ದೊಡ್ಡಪ್ಪ ನಗಲು ನೋಡಿದರು, ಆಗಲಿಲ್ಲ. ಫೈಲನ್ನು ಕಂಕುಳಿಗೆ ಸೇರಿಸಿಕೊಂಡು ಹೋದರು.

ಇಷ್ಟಕ್ಕೇ ಅವರು ಬರುವುದು ಬಿಟ್ಟರು ಎಂದುಕೊಂಡರೆ ತಪ್ಪು. ಮಾರನೇ ದಿನವೇ ಹಾಜರ್. ಟೈಪಿಂಗ್ ಕೇಳಲಿಲ್ಲ, ಅಷ್ಟೇ. ಕಾಯುವವರಿಗೆಂದು ಹಾಕಿದ ಬೆಂಚಿನ ತುದಿಯಲ್ಲಿ ಕೂತು, ಪಕ್ಕಕ್ಕೆ ಯಾರು ಬಂದರೂ ಅವರಿಗೆ ನೆಲದಡಿಯ ಕತೆ ಶುರುಮಾಡಿದರು. ಅವರು ಬಾಯಿ ಬಿಟ್ಟರೆ ನಲ್ಲಿ ಬಿಟ್ಟ ಹಾಗೆ. ಆಸ್ಪತ್ರೆ ಎದುರಿನ ವಾಲ್ವ್ ಉಳಿದವುಗಳ ಹಾಗಲ್ಲ, ಎಡಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಶಾಲೆಯ ಮುಂದಿನ ಮೂಲೆಯಲ್ಲಿ ಎರಡು ಪೈಪು ಒಂದರ ಮೇಲೊಂದು ಹೋಗಿವೆ, ಮೇಲಿನದು ನೀರು ಹರಿಯದ ಸತ್ತ ಪೈಪು, ಅದನ್ನು ಕಂಡು ಮೋಸ ಹೋಗಬಾರದು. ಜನ ಬಾಯಿ ಕಳೆದು ಕೇಳುತ್ತಿದ್ದರು. ಪ್ರತಿ ಬಡಾಯಿಯ ಕೊನೆಗೂ, ಇದೆಲ್ಲ ಪುಸ್ತಕದಲ್ಲಿ ಬರುತ್ತೆ, ನೋಡ್ತಿರಿ ಎಂಬ ಪಲ್ಲವಿ. ಅದು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಹಲ್ಲಿನ ಸಂದಿಗೆ ಮರಳು ಸಿಕ್ಕ ಹಾಗಾಗುತ್ತಿತ್ತು.

ಒಂದು ದಿನ ಅವಳಿಗೆ ಏನು ತೋಚಿತೋ, ಅವರು ಹೇಳುತ್ತಿದ್ದುದನ್ನು ಹಾಗೇ ಟೈಪ್ ಮಾಡತೊಡಗಿದಳು. ಅರ್ಧ ಸಿಟ್ಟು, ಅರ್ಧ ಆಸೆ. ಕೈಗೆ ಬರೆಯುವ ಅಭ್ಯಾಸ ಇಲ್ಲದಿದ್ದರೇನಾಯಿತು, ಬಾಯಿಗೆ ಹೇಳುವ ಅಭ್ಯಾಸ ಇದೆಯಲ್ಲ. ನಾಲ್ಕು ವಾರ ಹೀಗೇ ನಡೆದರೆ ಇನ್ನೂರು ಪುಟ ತಾನಾಗಿ ಬೆಳೆಯುತ್ತದೆ, ಬೈಂಡ್ ಮಾಡಿ ಕೈಯಲ್ಲಿಟ್ಟು ನನ್ನ ಪಾಡಿಗೆ ನಾನು ಇರಬಹುದು ಎಂದುಕೊಂಡಳು. ದೊಡ್ಡಪ್ಪನಿಗೆ ಸಂಶಯ ಬರಲಿಲ್ಲ. ಅವಳ ಬೆರಳು ಕೀಲಿಮಣೆಯ ಮೇಲೆ ಆಡುವುದು ಹೊಸತೇನಲ್ಲವಲ್ಲ.

ಮೊದಲ ವಾರ ಏಳು ಪುಟ ಬಂತು. ಎರಡನೇ ವಾರ ಮೂರು. ಮೂರನೇ ವಾರ ಒಂದು. ನಾಲ್ಕನೇ ವಾರ ಟೈಪ್ ಮಾಡಲು ಏನೂ ಇರಲಿಲ್ಲ. ಅದೇ ಆಸ್ಪತ್ರೆ, ಅದೇ ಸತ್ತ ಪೈಪು, ಅದೇ ಪ್ರವಾಹದ ದಿನ ಎದೆಮಟ್ಟದ ನೀರಲ್ಲಿ ನಿಂತು ಕಾಲಲ್ಲೇ ಮುಚ್ಚಳ ಹುಡುಕಿದ ಕತೆ. ಅವಳು ಅಕ್ಷರದ ಗಾತ್ರ ನೋಡಿದಳು, ಸಾಲಿನ ಅಂತರ ನೋಡಿದಳು. ಎಲ್ಲ ಸರಿಯಾಗಿಯೇ ಇತ್ತು. ಒಟ್ಟು ಹನ್ನೊಂದು ಪುಟ.

ಮುದ್ರಿಸಿ, ಪಿನ್ ಹೊಡೆದು ಅವರ ಕೈಗಿಟ್ಟಳು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನಿಂತೇ ಓದಿದರು. ತಮ್ಮ ಮಾತು ಎಂದು ಗೊತ್ತಾಗುತ್ತಿದ್ದಂತೆ ಮುಖ ಅರಳಿತು. ಹಾಳೆ ತಿರುವಿ ತಿರುವಿ ಕೊನೆಯದು ಬಂದಾಗ ಅದರ ಹಿಂಬದಿಯನ್ನೂ ನೋಡಿದರು.

"ಇಷ್ಟೇನಾ?"

"ಇಷ್ಟೇ ದೊಡ್ಡಪ್ಪ."

"ಬಾಕಿದೆಲ್ಲ ನೀನು ಬಿಟ್ಟಿದೀಯ."

"ಒಂದು ಮಾತೂ ಬಿಟ್ಟಿಲ್ಲ. ನೀವು ಹತ್ತು ಸಲ ಹೇಳಿದ್ದನ್ನ ಒಂದೇ ಸಲ ಟೈಪ್ ಮಾಡಿದೀನಿ."

ಹೇಳಿದ ಮೇಲೆ ಅವಳಿಗೇ ಕಸಿವಿಸಿಯಾಯಿತು. ಬಾಯಿಂದ ಹೋದದ್ದು ಹೋಯಿತು. ದೊಡ್ಡಪ್ಪ ಹಾಳೆಗಳನ್ನು ಎರಡಾಗಿ ಮಡಚಿ ಅಂಗಿಯ ಜೇಬಿಗೆ ತುರುಕಿ, ಚಪ್ಪಲಿಯವನನ್ನೂ ಮಾತಾಡಿಸದೆ ಹೋದರು.

ಎರಡು ದಿನ ಅವಳು ಹಾಯಾಗಿದ್ದಳು. ಮೂರನೇ ದಿನ ಬೆಂಚಿನ ತುದಿ ಖಾಲಿಯಿರುವುದು ಕಣ್ಣಿಗೆ ಚುಚ್ಚತೊಡಗಿತು. ಬಂದವರೆಲ್ಲ, ಎಲ್ಲಿ ನಿಮ್ಮ ವಾಲ್ವ್ ಸಾಹೇಬರು, ಹುಷಾರಿಲ್ವಾ ಎಂದು ಕೇಳುವವರೇ. ಉತ್ತರ ಹೇಳಿ ಹೇಳಿ ಸಾಕಾಯಿತು. ಇದ್ದರೆ ಕಾಟ, ಇಲ್ಲದಿದ್ದರೂ ಕಾಟ ಎಂದು ಅವಳು ರೇಗಿಕೊಂಡಳು.

ಹದಿನೈದು ದಿನ ಕಳೆದ ಮೇಲೆ ದೊಡ್ಡಮ್ಮ ಬಂದರು. ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡು, ಏನು ಮಾಡಿದೆಯೇ ಮಾರಾಯ್ತಿ ನನ್ನ ಗಂಡನಿಗೆ ಎಂದು ಶುರುಮಾಡಿದರು. ಮನೆಯಲ್ಲಿ ಮಾತಿಲ್ಲ ಕತೆಯಿಲ್ಲ. ಬೆಳಿಗ್ಗೆ ತಿಂದು ಹೊರಟರೆ ಮಧ್ಯಾಹ್ನ ಊಟಕ್ಕೂ ಬರುವುದಿಲ್ಲ. ಬಂದರೆ ಆ ಹಾಳೆಗಳ ಮೇಲೆ ಕೆಂಪು ಪೆನ್ನು ಹಿಡಿದು ಕೂರುತ್ತಾರೆ.

"ಮೂವತ್ತು ವರ್ಷದಿಂದ ಇವರ ಬಾಯಿ ಒಂದು ಗಳಿಗೆ ಮುಚ್ಚಲಿ ಅಂತಿದ್ದೆ. ಈಗ ಮುಚ್ಚಿದೆ, ನಂಗೆ ಅನ್ನ ಸೇರ್ತಿಲ್ಲ. ನೀನೇ ಹೋಗಿ ವಿಚಾರಿಸು."

ಅಂಗಡಿಗೆ ರಜೆಯಿದ್ದ ದಿನ ಅವಳು ಹೊರಟಳು. ಬಿಸಿಲು ಚುರುಗುಟ್ಟುತ್ತಿತ್ತು. ಇರುವ ಒಂದು ರಜೆಯಲ್ಲಿ ಬಟ್ಟೆ ಒಗೆಯುವುದು ಬಿಟ್ಟು ಈ ಮುದುಕರನ್ನು ಹುಡುಕಿಕೊಂಡು ಅಲೆಯಬೇಕಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದಳು. ದೊಡ್ಡಪ್ಪ ಸಿಕ್ಕಿದ್ದು ಶಾಲೆಯ ಹಿಂದಿನ ಬೀದಿಯಲ್ಲಿ. ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಕಲ್ಲಿನಿಂದ ಡಾಂಬರನ್ನು ಕುಟ್ಟುತ್ತಾ, ಕಿವಿ ನೆಲಕ್ಕೆ ಹಚ್ಚಿ ಸದ್ದು ಆಲಿಸುತ್ತಿದ್ದರು. ಪಕ್ಕದಲ್ಲಿ ಅಳತೆಯ ಟೇಪು, ಗೆರೆಯೆಳೆದ ನೋಟುಬುಕ್ಕು. ದಾರಿಹೋಕರು ಅವರನ್ನು ಸುತ್ತುಬಳಸಿ ಹೋಗುತ್ತಿದ್ದರು.

ಅವಳನ್ನು ನೋಡಿ ಅವರು ಏಳಲಿಲ್ಲ. ನೀನು ಟೈಪ್ ಮಾಡಿದ್ದರಲ್ಲಿ ಮೂರನೇ ಪುಟ ಪೂರ್ತಿ ತಪ್ಪು ಎಂದರು. ಇಷ್ಟು ವರ್ಷ ಸತ್ತ ಪೈಪು ಶಾಲೆಯ ಮುಂದಿನ ಮೂಲೆಯಲ್ಲಿದೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹಾಳೆಯ ಮೇಲೆ ನೋಡಿದಾಗ ಯಾಕೋ ಅನುಮಾನ ಬಂತಂತೆ. ಬಂದು ಅಳೆದರೆ ಅದು ಹಿಂದಿನ ಮೂಲೆ. ಸರಿ, ಉಳಿದವನ್ನೂ ನೋಡೋಣವೆಂದು ಬೀದಿ ಬೀದಿ ಹೊರಟರೆ, ಎಷ್ಟೋ ಮುಚ್ಚಳಗಳು ಡಾಂಬರಿನಡಿ ಹೋಗಿವೆ. ಎಲ್ಲಿದ್ದವು ಎಂದು ನೆನಪಿಸಿಕೊಳ್ಳಲು ಹೋದರೆ ನೆನಪಾಗುತ್ತಿಲ್ಲ.

"ಎಲ್ಲ ತಲೇಲಿದೆ ಅಂದ್ಕೊಂಡಿದ್ದೆ ಮಗಳೇ. ಎಲ್ಲೋ ಸೋರಿಹೋಗಿದೆ. ಬಿಟ್ಟ ನೀರು ಮನೆ ತಲುಪ್ತಿಲ್ಲ."

ಅವರ ಅಂಗೈ ಡಾಂಬರಿನಿಂದ ಕಪ್ಪಾಗಿತ್ತು. ಸಮಾಧಾನದ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆದರೆ ನಾಲ್ಕು ವರ್ಷದ ಸಿಟ್ಟು ಅದಕ್ಕಿಂತ ಮುಂಚೆ ಹೊರಬಿತ್ತು.

"ನಾನು ಹೇಳಿರಲಿಲ್ವಾ? ಆಗಲೇ ಕೂತು ಬರೆದಿದ್ರೆ ಎಲ್ಲ ಉಳೀತಿತ್ತು."

"ನೀನು ಹೇಳಿದ್ದೆ," ಎಂದರು ದೊಡ್ಡಪ್ಪ. ವಾದ ಮಾಡಲಿಲ್ಲ. ಟೇಪಿನ ಒಂದು ತುದಿಯನ್ನು ಅವಳತ್ತ ಚಾಚಿದರು. "ಇದನ್ನ ಆ ಗೋಡೆಗೆ ಹಿಡ್ಕೋ."

ಅವಳು ಹಿಡಿದುಕೊಂಡಳು. ಆ ದಿನ ಸಂಜೆಯಾಗುವಷ್ಟರಲ್ಲಿ ನಾಲ್ಕು ಬೀದಿ ಅಳೆದರು.

ಅಲ್ಲಿಂದ ಮುಂದೆ ಪುಸ್ತಕಕ್ಕೆ ಏಳು ತಿಂಗಳು ಹಿಡಿಯಿತು. ದೊಡ್ಡಪ್ಪ ವಾರಕ್ಕೆ ಒಂದು ಹಾಳೆ, ಹೆಚ್ಚೆಂದರೆ ಎರಡು, ಬರೆದು ತರುತ್ತಿದ್ದರು. ಇರುವೆ ಸಾಲಿನಂಥ ಅಕ್ಷರ. ಒಂದು ಬೀದಿ, ಒಂದು ಚಿತ್ರ, ಎರಡು ಗೋಡೆಗಳಿಂದ ಎಷ್ಟೆಷ್ಟು ಅಡಿ ಎಂಬ ಲೆಕ್ಕ. ಪ್ರವಾಹದ ಕತೆ ಅದರಲ್ಲಿ ಎಲ್ಲೂ ಇರಲಿಲ್ಲ. ತಮಗೆ ನೆನಪಿಲ್ಲದ್ದಕ್ಕೆ ಹಳೆಯ ಜೊತೆಗಾರನ ಮನೆಗೆ ಎರಡು ಬಸ್ಸು ಬದಲಾಯಿಸಿ ಹೋಗಿ ಕೇಳಿಕೊಂಡು ಬಂದರು. ಬೆಂಚಿನ ಮೇಲೆ ಕೂತರೂ ಮಾತು ಕಡಿಮೆಯಾಗಿತ್ತು. ಯಾರಾದರೂ ಪುಸ್ತಕ ಎಲ್ಲಿಗೆ ಬಂತು ಎಂದು ಕೇಳಿದರೆ, ಬರ್ತಿದೆ ಎಂದಷ್ಟೇ ಹೇಳಿ ಪೆನ್ಸಿಲ್ ಚೂಪು ಮಾಡುತ್ತಿದ್ದರು.

ಇದರಿಂದ ಅವಳಿಗೆ ನೆಮ್ಮದಿ ಸಿಕ್ಕಿತೇ ಎಂದರೆ, ಇಲ್ಲ. ಮೂರಡಿ ಎಂದು ಟೈಪ್ ಮಾಡಿದ್ದನ್ನು ಮೂರೂಕಾಲು ಮಾಡು ಎಂದು ಬರುತ್ತಿದ್ದರು. ಮಾರನೇ ದಿನ ಮತ್ತೆ ಅಳೆದು, ಇಲ್ಲ, ಮೂರೇ ಎನ್ನುತ್ತಿದ್ದರು. ಬಾಣದ ಗುರುತು ಒಂದು ಕೂದಲೆಳೆ ಸರಿಯಬೇಕು, ಚಿತ್ರ ತಿರುಗಬೇಕು. ಗಿರಾಕಿಗಳು ಸಾಲಾಗಿ ನಿಂತಿರುವಾಗ ಅವಳು ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸಿ ಬಾಣ ಸರಿಸುತ್ತಿದ್ದಳು. ಬರೀ ಮಾತಾಡುತ್ತಿದ್ದಾಗಲೇ ಚೆನ್ನಾಗಿತ್ತೇನೋ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು.

ಕೊನೆಗೆ ಐವತ್ತೆರಡು ಪುಟವಾಯಿತು. ಅದರಲ್ಲಿ ಏಳು ಕಡೆ ಚಿತ್ರದ ಮಧ್ಯೆ ‘ಗೊತ್ತಿಲ್ಲ’ ಎಂದು ಬರೆದಿತ್ತು. ಅವು ನೋಡೋಕೆ ಚೆನ್ನಾಗಿಲ್ಲ, ಆ ಏಳು ಬೀದಿಗಳನ್ನೇ ತೆಗೆದುಬಿಡೋಣ ಎಂದಳು. ದೊಡ್ಡಪ್ಪ ಒಪ್ಪಲಿಲ್ಲ.

"ಇರಲಿ ಬಿಡು. ಗೊತ್ತಿಲ್ಲ ಅಂತ ಬರೆದಿದ್ರೆ, ಅಗೆಯೋನು ಹುಷಾರಾಗಿ ಅಗೀತಾನೆ."

ಅವಳು ಹತ್ತು ಪ್ರತಿ ತೆಗೆದು ಸ್ಪೈರಲ್ ಬೈಂಡಿಂಗ್ ಮಾಡಿದಳು. ದೊಡ್ಡಪ್ಪ ಒಂದನ್ನು ನೀರಿನ ಇಲಾಖೆಯ ಇಂಜಿನಿಯರಿಗೆ ಕೊಟ್ಟುಬಂದರು. ಇಂಜಿನಿಯರು ಎರಡು ಹಾಳೆ ತಿರುವಿ, ಬಹಳ ಸಂತೋಷ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರಂತೆ. ಅದನ್ನು ಹೇಳುವಾಗ ದೊಡ್ಡಪ್ಪನಿಗೆ ಬೇಸರವಿತ್ತು, ಆದರೆ ಅವಳು ನಿರೀಕ್ಷಿಸಿದಷ್ಟಿರಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಸಂತೆ ಬೀದಿಯಲ್ಲಿ ಪೈಪು ಒಡೆಯಿತು. ನೀರು ಅಂಗಡಿಗಳಿಗೆ ನುಗ್ಗುತ್ತಿತ್ತು. ಮೊಣಕಾಲವರೆಗೆ ಕೆಸರಾಗಿದ್ದ ಇಲಾಖೆಯ ಮೇಸ್ತ್ರಿ ಏದುಸಿರು ಬಿಡುತ್ತಾ ಜೆರಾಕ್ಸ್ ಅಂಗಡಿಗೆ ಬಂದ. ಇಂಜಿನಿಯರು ರಜೆಯಲ್ಲಿದ್ದಾರೆ, ಬೀರುವಿನ ಕೀಲಿ ಅವರ ಹತ್ತಿರವೇ ಇದೆ, ಆ ಪುಸ್ತಕದಲ್ಲಿ ಸಂತೆ ಬೀದಿಯ ಹಾಳೆ ಒಂದು ಬೇಕು ಎಂದ. ಅವಳು ಇಪ್ಪತ್ತಾರನೇ ಪುಟ ತೆಗೆದುಕೊಟ್ಟಳು. ಒಂದು ಗಂಟೆಯೊಳಗೆ ನೀರು ನಿಂತಿತು.

ಮಧ್ಯಾಹ್ನ ಮೇಸ್ತ್ರಿ ಆ ಹಾಳೆ ಹಿಡಿದುಕೊಂಡು ಮತ್ತೆ ಬಂದ. ಅದು ಒದ್ದೆಯಾಗಿ, ಅಂಚು ಹರಿದಿತ್ತು. ದೊಡ್ಡಪ್ಪ ಬೆಂಚಿನ ಮೇಲಿದ್ದರು. ವಾಲ್ವ್ ಸಿಕ್ಕಿತು, ಆದರೆ ಇಲ್ಲಿ ಬರೆದ ಜಾಗಕ್ಕಿಂತ ಒಂದಡಿ ಎಡಕ್ಕಿತ್ತು ಎಂದ ಮೇಸ್ತ್ರಿ. ದೊಡ್ಡಪ್ಪ ಹಾಳೆ ಇಸಿದುಕೊಂಡು, ನೀನು ಯಾವ ಗೋಡೆಯಿಂದ ಅಳೆದೆ ಎಂದು ಕೇಳಿದರು. ಔಷಧಿ ಅಂಗಡಿ ಗೋಡೆಯಿಂದ ಎಂದ ಅವನು. ಹಳೇ ಗೋಡೆಯಿಂದಲೋ, ಹೊಸದಾಗಿ ಮುಂದಕ್ಕೆ ಕಟ್ಟಿದ್ದರಿಂದಲೋ ಎಂದರು ಇವರು. ಅವನು ತಲೆ ಕೆರೆದುಕೊಂಡ. ಇಬ್ಬರೂ ಟೇಪು ಹಿಡಿದು, ಚರ್ಚೆ ಮಾಡುತ್ತಲೇ ಸಂತೆ ಬೀದಿಯತ್ತ ಹೊರಟರು.

ಎಷ್ಟು ಅಡಿ ಅಂತ ಇವತ್ತೇ ತೀರ್ಮಾನ ಮಾಡ್ಕೊಂಡು ಬನ್ನಿ ಎಂದು ಅವಳು ಹಿಂದಿನಿಂದ ಕೂಗಿ ಹೇಳಿ, ಸಾಲಿನಲ್ಲಿದ್ದ ಮುಂದಿನವರ ಕೈಯಿಂದ ಹಾಳೆ ತೆಗೆದುಕೊಂಡಳು.