ಸೆಂಟ್ರಿಂಗ್ ಬಿಚ್ಚಿದ ಮೇಲೆ

ನೆಲಮಂಗಲದ ಹತ್ತಿರ ನಮ್ಮ ಕಂಪನಿ ಕಟ್ಟುತ್ತಿದ್ದ ಗೋದಾಮಿಗೆ ಪ್ರಾಜೆಕ್ಟ್ ಮ್ಯಾನೇಜರುಗಳು ಇಬ್ಬರು. ಗೋದಾಮಿನ ಹೊಣೆ ಭೀಮರಾಜ್ ಅವರದು, ಅದಕ್ಕಂಟಿದ ಆಫೀಸ್ ಕಟ್ಟಡದ್ದು ನನ್ನದು. ಭೀಮರಾಜ್ ನನಗಿಂತ ಸೀನಿಯರ್. ಗೋದಾಮಿನ ಮಾಲೀಕರ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತೇ ಮಾತಾಡುವ ಮನುಷ್ಯ.

ಆಷಾಢ ಹುಟ್ಟುವ ಮೊದಲೇ ಆಫೀಸಿನ ಪೂಜೆ ಆಗಬೇಕೆಂದು ಮಾಲೀಕರು ಪಟ್ಟು ಹಿಡಿದರು. ನನ್ನ ಕಟ್ಟಡಕ್ಕೆ ತಾರಸಿಯ ಕಾಂಕ್ರೀಟ್ ಮೋಲ್ಡ್ ಹಾಕಿ ವಾರವಷ್ಟೇ ಆಗಿತ್ತು. ತಾರಸಿ ಗಟ್ಟಿಯಾಗುವವರೆಗೆ ಅದನ್ನು ಹೊತ್ತು ನಿಂತ ಹಲಗೆ, ಕಂಬಗಳ ಸೆಂಟ್ರಿಂಗ್ ಬಿಚ್ಚುವಂತಿಲ್ಲ.

“ಇನ್ನೂ ಟೈಮ್ ಬೇಕು ಸರ್. ನಾನ್ ಬಿಚ್ಚಿಸಲ್ಲ,” ಎಂದೆ ಭೀಮರಾಜ್ ಅವರಿಗೆ.

“ಡೇಟಿಗೆ ಮುಗಿಸೋದೇ ಮ್ಯಾನೇಜರ್ ಕೆಲ್ಸ ಕಣಮ್ಮಾ. ಆಗಲ್ಲ ಅನ್ನೋಕೆ ನಾವ್ಯಾಕೆ? ವಾಚ್‌ಮನ್ ಸಾಕು.”

“ಆಗಲ್ಲ ಅನ್ನೋದಕ್ಕೇ ಸರ್ ನಮಗೆ ಸಂಬಳ ಕೊಡೋದು.”

ಅವರು ನಕ್ಕುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು.

ಸಂಜೆಯೊಳಗೆ ಹೆಡ್ ಆಫೀಸಿನವರು ನನ್ನ ಕಟ್ಟಡವನ್ನೂ ಭೀಮರಾಜ್ ಅವರಿಗೇ ವಹಿಸಿದರು. ಮರುದಿನವೇ ಅವರು ಸೆಂಟ್ರಿಂಗ್ ಬಿಚ್ಚಿಸಿದರು. ಏನೂ ಆಗಲಿಲ್ಲ. ಮೇಸ್ತ್ರಿ ಕೊಂಡಪ್ಪ ಕೂಡ ನನ್ನ ಮುಖ ನೋಡಿ ಮುಸಿಮುಸಿ ನಕ್ಕ. ತಾರಸಿ ಬೀಳಲಿ ಎಂದು ಬಯಸುವಷ್ಟು ಕೆಟ್ಟವಳಲ್ಲ ನಾನು. ಆದರೂ ಸೋತೆ ಅನ್ನಿಸಿ ಅಳು ಬಂತು.

ಪೂಜೆಯ ದಿನ ಕೆಲಸದವರಿಗೆ ಅದೇ ತಾರಸಿಯ ಕೆಳಗೆ ಊಟ. ಹೆಂಗಸರು, ಮಕ್ಕಳು ಎಲ್ಲ ಎಲೆ ಮುಂದೆ ಕೂತಿದ್ದರು. ಅನುಗೊಂಡನಹಳ್ಳಿಯಿಂದ ಬಂದಿದ್ದ ಭೀಮರಾಜ್ ಅವರ ತಾಯಿ ಪಾಪಮ್ಮನೂ ಪಂಕ್ತಿಯಲ್ಲಿ ಜಾಗ ಹಿಡಿದರು. ಅದನ್ನು ಕಂಡದ್ದೇ ಭೀಮರಾಜ್ ಮಾಲೀಕರನ್ನೂ ಬಿಟ್ಟು ಓಡಿಬಂದರು.

“ಅಮ್ಮಾ, ಎದ್ದೇಳು. ಆಚೆ ಶಾಮಿಯಾನದಲ್ಲಿ ಕೂತ್ಕೋ.”

“ಇಲ್ಲೇ ತಣ್ಣಗೈತೆ, ಬಿಡೋ.”

“ಏಳಮ್ಮ ಅಂದ್ರೆ!”

ತೋಳು ಹಿಡಿದು ಎಬ್ಬಿಸಿದರು. ಒಮ್ಮೆ ಮೇಲೆ ತಾರಸಿ ನೋಡಿದರು, ಆಮೇಲೆ ನನ್ನನ್ನು.

ಈ ಮನುಷ್ಯನಿಗೂ ನನ್ನಷ್ಟೇ ಭಯವಿದೆ! ಬಡಿಸುತ್ತಿದ್ದ ಸಾರಿನ ಬಕೆಟ್ ಕೆಳಗಿಟ್ಟು ಕೂಗಿದೆ: “ಎಲ್ರೂ ಎಲೆ ಎತ್ಕೊಂಡು ಆಚೆ ಬನ್ನಿ! ಒಬ್ರೂ ಒಳಗಿರ್ಬೇಡಿ!”

ಕೆಲವರು ಎದ್ದರು. ಉಳಿದವರು ಭೀಮರಾಜ್ ಮುಖ ನೋಡಿದರು.

“ಏನ್ರೀ ಇದು ಗಲಾಟೆ?” ಮಾಲೀಕರು ಬಾಗಿಲಲ್ಲಿ ನಿಂತು ಗದರಿದರು.

“ಏನಿಲ್ಲ ಸಾರ್. ನಮ್ಮ ರಂಜಿತಾ ಮೇಡಂಗೆ ಸ್ವಲ್ಪ ಹೆದರಿಕೆ ಜಾಸ್ತಿ,” ಎಂದರು ಭೀಮರಾಜ್. ತಾಯಿಯ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. ಅವರನ್ನು ಮೆಲ್ಲಗೆ ಹೊರಗೆ ಕರೆದುಕೊಂಡು ಹೋದರು.

ಎದ್ದಿದ್ದವರೂ ಮತ್ತೆ ಕೂತು ಎಲೆಗೆ ಕೈ ಹಾಕಿದರು.