ವಿಸೆರಾ ಹೊತ್ತ ಭರಣಿ

ನಾನು ಅಗಲ ಬಾಯಿಯ ಒಂದು ಗಾಜಿನ ಭರಣಿ. ಮರಳು ಕರಗಿಸುವ ಕುಲುಮೆಯಲ್ಲಿ ಹುಟ್ಟಿದೆ. ನನ್ನ ಒಡಹುಟ್ಟಿದವು ಉಪ್ಪಿನಕಾಯಿ ತುಂಬಿಕೊಂಡು ಮನೆಮನೆಗೆ ಹೋದವು. ನನಗೂ ಉಪ್ಪೇ ಸಿಕ್ಕಿತು, ಆದರೆ ತಾಲ್ಲೂಕು ಆಸ್ಪತ್ರೆಯ ಹೆಣದ ಕೋಣೆಯಲ್ಲಿ.

ಒಂದು ಮಧ್ಯಾಹ್ನ ಯಂಕೋಬನ ಹೆಣ ಬಂತು. ಹೆಂಡತಿ ಹುಲಿಗೆಮ್ಮ ಕಟ್ಟಿಕೊಟ್ಟ ಬುತ್ತಿ ಉಂಡು ಹೊಲದಲ್ಲೇ ಬಿದ್ದು ಸತ್ತಿದ್ದ. ಕೊಯ್ದು ನೋಡಿದರೂ ಡಾಕ್ಟರಿಗೆ ಕಾರಣ ತಿಳಿಯಲಿಲ್ಲ. ಹೊಟ್ಟೆ, ಕರುಳಿನ ತುಂಡುಗಳನ್ನು ಉಪ್ಪುನೀರಿನೊಡನೆ ನನ್ನೊಳಗಿಟ್ಟು, ಮುಚ್ಚಿ, ಅರಗಿನ ಮುದ್ರೆ ಒತ್ತಿದರು. ಪೇದೆ ನನ್ನನ್ನೆತ್ತಿಕೊಂಡು ಹೊರಗೆ ಬಂದ.

"ಅದ್ರಾಗ ಏನೈತ್ರೀ?" ಯಂಕೋಬನ ತಮ್ಮ ಸೋಮಲಿಂಗ ಅಡ್ಡ ನಿಂತ.

"ವಿಸೆರಾ ಐತಿ. ಲ್ಯಾಬಿಗೆ ಹೊಂಟೈತಿ, ಸರಿ ಅತ್ಲಾಗ."

ಆ ಊರಿನವರು ವಿಷಕ್ಕೆ ವಿಸ ಎನ್ನುತ್ತಾರೆ. ಸೋಮಲಿಂಗನ ಕಿವಿಗೆ ಅಷ್ಟೇ ಬಿತ್ತು. ಹುಲಿಗೆಮ್ಮನ ಸುತ್ತ ನೆರೆದಿದ್ದ ಊರವರ ಕಡೆ ತಿರುಗಿದ.

"ಕೇಳಿದ್ರ್ಯಾ? ವಿಸ ಐತಂತ! ಪೊಲೀಸ್ನೋರ ಬಾಯಾಗ ಬಂತು!"

"ಅದ ರೊಟ್ಟಿ ನಾನೂ ಉಂಡೀನಲ್ಲೋ!" ಎಂದು ಹುಲಿಗೆಮ್ಮ ಚೀರಿದಳು.

"ನಿನ್ನ ಪಾಲು ಬ್ಯಾರೆ ತೆಗೆದಿಟ್ಟಿದ್ದಿ ಬಿಡು, ಹಾವಿನಂಥಾಕಿ!"

ಪೇದೆಗೆ ಬಸ್ಸಿನ ಅವಸರ. ತಿದ್ದದೆ ನಡೆದ. ಮುದ್ರೆ ಬೀಳದಿದ್ದರೆ ಈ ಅಗಲ ಬಾಯಿಯಿಂದ ಎಲ್ಲರ ಮುಖಕ್ಕೂ ಉಗಿಯುತ್ತಿದ್ದೆ.

ಪರೀಕ್ಷೆಗೆ ವರ್ಷ ಹಿಡಿಯಿತು. ವಿಷವಿರಲಿಲ್ಲ. ನನ್ನನ್ನು ತೊಳೆದು ವಾಪಸು ಕಳಿಸಿದರು. ದಾರಿಯಲ್ಲಿ ಕಂಠ ಬಿರುಕು ಬಿಟ್ಟಿತು; ಹೆಣದ ಕೋಣೆಯ ಮೆಟ್ಟಿಲ ಮೂಲೆಗೆ ಬಿದ್ದೆ. ಅಲ್ಲಿಗೇ ಒಂದು ದಿನ ಹುಲಿಗೆಮ್ಮ ಮಗಳು ಈರವ್ವನನ್ನು ಎಳೆದುಕೊಂಡು ಬಂದಳು. ಅಪ್ಪ ಸತ್ತಾಗಿನಿಂದ ಈರವ್ವ ಚಿಕ್ಕಪ್ಪನ ಮನೆ ಸೇರಿದ್ದಳು. ತಾಯಿಯ ಕೈಯ ನೀರನ್ನೂ ಮುಟ್ಟಿರಲಿಲ್ಲ.

"ಸಾಹೇಬ್ರ, ಆ ವಿಸೆರಾ ಅನ್ನೋ ಮಾತಿನ ಅರ್ಥ ಈಕಿ ಎದುರಿಗೆ ಹೇಳ್ರಿ," ಎಂದು ಹೊರಬಂದ ಡಾಕ್ಟರನ್ನು ತಡೆದಳು.

"ವಿಸೆರಾ ಅಂದ್ರೆ ವಿಷ ಅಲ್ಲಮ್ಮ," ಎಂದರು ಡಾಕ್ಟರು. "ಲ್ಯಾಟಿನ್ ಅಂತ ಹಳೇ ಭಾಷೆ, ಅದರ ಮಾತು. ಹೊಟ್ಟೆಯೊಳಗಿನ ಅಂಗಗಳು, ಕರುಳು. ನಮ್ಮ ವೈದ್ಯದ ಪುಸ್ತಕದಿಂದ ಪೊಲೀಸರ ಬಾಯಿಗೆ, ಕೋರ್ಟಿಗೆ ಹೋಯ್ತು. ನಿನ್ನ ಗಂಡನ ವಿಸೆರಾದಲ್ಲಿ ವಿಷ ಸಿಕ್ಕಿಲ್ಲ."

"ಕರುಳು ಅಂದಿದ್ರ ಸಾಕಿತ್ತಲ್ರೀ ಎಪ್ಪಾ!"

ಡಾಕ್ಟರು ಒಳಗೆ ಹೋದರು. ಹುಲಿಗೆಮ್ಮ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದಳು.

"ಕೇಳಿದ್ಯಲ್ಲವ್ವಾ? ಇನ್ನರೆ ಉಣ್ಣು."

ಈರವ್ವ ರೊಟ್ಟಿ ತೆಗೆದುಕೊಂಡಳು. ಮೂಸಿದಳು. ಮತ್ತೆ ತಾಯಿಯ ಕೈಗೇ ಇಟ್ಟಳು.

"ಮದಲ ನೀ ತಿನ್ನು."

ಹುಲಿಗೆಮ್ಮ ಮುರಿದು ತಿಂದಳು. ಅವಳು ನುಂಗುವವರೆಗೂ ಮಗಳು ಆ ಗಂಟಲನ್ನೇ ನೋಡುತ್ತಿದ್ದಳು.

ಈಗ ನನ್ನೊಳಗೆ ಮಳೆನೀರು, ಸೊಳ್ಳೆಮರಿ. ಯಂಕೋಬನ ಕರುಳನ್ನು ನಾನು ಕೆಡದಂತೆ ಕಾದೆ. ಮಗಳ ಕರುಳನ್ನು ಕಾಯಲು ಯಾವ ಭರಣಿಯೂ ಇರಲಿಲ್ಲ.