ಮೂರನೇ ಮಹಡಿಯ ಹಾಡು

ಹಾಡುವವರ ಸರದಿ ಕೊನೆಗೆ. ಸ್ಟುಡಿಯೋಗಳಲ್ಲಿ ಇದು ನಡೆದುಬಂದ ಪದ್ಧತಿ. ಮೊದಲು ಡ್ರಮ್ಸ್, ಬೇಸ್, ಗಿಟಾರು. ಅವೆಲ್ಲ ಸರಿಹೋದ ಮೇಲೆ ಹಾಡು. ಆದರೆ ಬಾರಿಸುವವರಿಗೆ ತಾವು ಎಲ್ಲಿದ್ದೇವೆಂದು ತಿಳಿಯಬೇಕಲ್ಲ, ಅದಕ್ಕೆ ಹಾಡುವವರು ಅದೇ ಕೋಣೆಯಲ್ಲಿ ನಿಂತು ಅರ್ಧ ದನಿಯಲ್ಲಿ ಹಾಡಿಕೊಡುತ್ತಾರೆ. ಅದನ್ನು ಗೈಡ್ ಅನ್ನುತ್ತಾರೆ. ತಾರಸಿ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ಹಲಗೆ ಬಿಚ್ಚುವ ಹಾಗೆ, ಕೆಲಸ ಮುಗಿದ ಮೇಲೆ ಗೈಡನ್ನು ಅಳಿಸಿಬಿಡುತ್ತಾರೆ. ನಾವೂ ಅಳಿಸಿದೆವು. ಈ ಪದ್ಧತಿ ಮಾಡಿದವನು ಎಲ್ಲಾದರೂ ಕೈಗೆ ಸಿಕ್ಕರೆ ಅವನ ಗ್ರಹಚಾರ ಬಿಡಿಸುತ್ತೇನೆ.

ನಮ್ಮದು ನಾಲ್ಕು ಜನರ ಬ್ಯಾಂಡು. ಹಾಡು ಕಟ್ಟುವವಳೂ ಹಾಡುವವಳೂ ಅಕ್ಕ. ಡ್ರಮ್ಸ್ ಅವಳ ತಂಗಿ ನಾನು. ಗಿಟಾರಿಗೆ ನಾವು ಉದ್ದ ಎಂದು ಕರೆಯುವ ಗೆಳೆಯ, ಬೇಸಿಗೆ ಅವನ ಹೆಂಡತಿ. ಹಗಲು ಅಕ್ಕ ಕನ್ನಡಕದ ಅಂಗಡಿಯಲ್ಲಿ ಜನರಿಂದ ಅಕ್ಷರ ಓದಿಸುತ್ತಾಳೆ, ನಾನು ವಾಷಿಂಗ್ ಮಷಿನ್ ರಿಪೇರಿ ಮಾಡುತ್ತೇನೆ. ನಾವು ನುಡಿಸುವುದು ಆಲ್ಟರ್ನೇಟಿವ್ ರಾಕ್ ಎಂದಾಗ ಸೋದರಮಾವ, "ಅಂದ್ರೆ ಬೇರೆ ಏನಾದ್ರೂ ಕೆಲಸ ನೋಡ್ಕೊಳ್ಳೋದಾ?" ಎಂದು ಕೇಳಿದ್ದರು. ಹನ್ನೊಂದು ವರ್ಷ ಕಂಡಕಂಡಲ್ಲಿ ನುಡಿಸಿ, ಕೊನೆಗೂ ಒಂದು ಆಲ್ಬಂ ಮಾಡಲು ಹೊರಟೆವು. ಹೆಸರು 'ಬಾಡಿಗೆ ಮನೆಗಳು'. ಅಮ್ಮ ನಮ್ಮಿಬ್ಬರನ್ನು ಕಟ್ಟಿಕೊಂಡು ಬದುಕಿದ್ದು ಒಂಬತ್ತು ಮನೆಗಳಲ್ಲಿ. ಮನೆಗೊಂದು ಹಾಡು.

ಏಳನೆಯದು ಮೂರನೇ ಮಹಡಿಯ ಮನೆ. ನಲ್ಲಿ ಕೆಳಗೆ ಅಂಗಳದಲ್ಲಿತ್ತು. ಅಕ್ಕ ಮುಂದೆ, ನಾನು ಹಿಂದೆ, ಇಬ್ಬರ ಕೈಯಲ್ಲೂ ಬಕೆಟ್ಟು. ಎರಡನೇ ಮಹಡಿಯ ತಿರುವಿನಲ್ಲಿ ಅವಳು ಬಕೆಟ್ ಇಟ್ಟು ನಿಲ್ಲುತ್ತಿದ್ದಳು. ನಾನು ಕೆಳಗಿನ ಮೆಟ್ಟಿಲಿನಿಂದ "ತಗೊಂಡ್ಯಾ?" ಎನ್ನುತ್ತಿದ್ದೆ. ಉಸಿರು ಎಂಬ ಮಾತು ಸೇರಿಸುವಷ್ಟು ಉಸಿರು ನನಗೂ ಉಳಿದಿರುತ್ತಿರಲಿಲ್ಲ. "ತಗೊಂಡೆ. ನಡಿ," ಎನ್ನುತ್ತಿದ್ದಳು. ಹಾಡನ್ನೂ ಹಾಗೇ ಕಟ್ಟಿದ್ದಳು. ಎರಡನೇ ಚರಣ ಮುಗಿದೊಡನೆ ಎಲ್ಲ ವಾದ್ಯ ನಿಲ್ಲಬೇಕು. ಅವಳು ಒಂದು ಉಸಿರು ಎಳೆದುಕೊಳ್ಳಬೇಕು. ಆಮೇಲೆ ನಾನು ಶುರು ಮಾಡಬೇಕು. ಅದಕ್ಕೆ ಲೆಕ್ಕವಿಲ್ಲ, ಅವಳ ಮುಖ ನೋಡಿಕೊಂಡು ಕಾಯುವುದಷ್ಟೇ.

ಸ್ಟುಡಿಯೋಗೆ ಹೋಗುವ ಹೊತ್ತಿಗೆ ಅಕ್ಕನ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತ್ತು, ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ದನಿಯ ನರ ಪಕ್ಕದಲ್ಲೇ ಇದೆ, ಏನಾದರೂ ಆಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಆದರೂ ನಾವು ಪದ್ಧತಿ ಬಿಡಲಿಲ್ಲ. ನಾಲ್ಕು ದಿನದಲ್ಲಿ ವಾದ್ಯಗಳೆಲ್ಲ ಮುಗಿದವು. "ಹಾಡೋದು ಆಸ್ಪತ್ರೆಯಿಂದ ಬಂದ್ಮೇಲೆ ಆರಾಮಾಗಿ ಮಾಡಿದ್ರಾಯ್ತು" ಎಂದವಳು ನಾನೇ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ಗಂಟು ಹೋಯಿತು, ಅಕ್ಕ ಉಳಿದಳು, ದನಿ ಹೋಯಿತು. ಈಗ ಅವಳ ಮಾತೆಂದರೆ ಕಾಗದ ಉಜ್ಜಿದಷ್ಟು ಸದ್ದು. ಅಂಗಡಿಯಲ್ಲಿ ಕೋಲಿನಿಂದ ಅಕ್ಷರ ತೋರಿಸುತ್ತಾಳೆ.

ಎಂಟು ತಿಂಗಳು ಕಾದೆವು. ಆಮೇಲೆ ಅಕ್ಕನೇ ಒಬ್ಬಳನ್ನು ಹುಡುಕಿ ಕರೆತಂದಳು, ಹಲ್ಲಿನ ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಹುಡುಗಿ. ಚೆನ್ನಾಗಿಯೇ ಹಾಡುತ್ತಿದ್ದಳು. ಅದೇ ನನಗೆ ಹೊಟ್ಟೆಯುರಿ. ಕೆಟ್ಟದಾಗಿ ಹಾಡಿದ್ದರೆ ಎಷ್ಟೋ ವಾಸಿಯಿತ್ತು.

ಆರು ಹಾಡು ಸಲೀಸಾಗಿ ಮುಗಿದವು. ಏಳನೆಯದರಲ್ಲಿ ಆ ಹುಡುಗಿ ಎರಡು ಸಾಲು ಹಾಡಿ ಹೆಡ್‌ಫೋನ್ ತೆಗೆದಳು.

"ಇಲ್ಲಿ ಬೇರೆ ಯಾರೋ ಹಾಡ್ತಿದ್ದಾರೆ," ಎಂದಳು.

ನಮ್ಮ ಸೌಂಡ್ ಇಂಜಿನಿಯರನ್ನು ನಾವು ಕಿವಿಯಪ್ಪ ಎಂದು ಕರೆಯುವುದು. ಅವನು ಒಂದೊಂದೇ ವಾದ್ಯದ ಸದ್ದು ನಿಲ್ಲಿಸುತ್ತ ಹೋದ. ಕೊನೆಗೆ ನನ್ನ ಡ್ರಮ್ಸ್ ಮಾತ್ರ ಉಳಿಯಿತು. ಆ ಹಾಡಿಗೆ ನಾನು ಕೋಲು ಬಿಟ್ಟು ತಂತಿಯ ಬ್ರಷ್ಷಿನಲ್ಲಿ ಮೆಲ್ಲಗೆ ಸವರಿದ್ದೆ. ಆ ಸವರುವ ಸದ್ದಿನ ಹಿಂದೆ, ಗೋಡೆಯಾಚೆ ಯಾರೋ ಕೆಲಸ ಮಾಡುತ್ತ ಹಾಡಿಕೊಂಡಂತೆ, ಅಕ್ಕ ಇದ್ದಳು. ಗೈಡ್ ಹಾಡುವಾಗ ಅವಳ ದನಿ ನನ್ನ ಮೈಕುಗಳಿಗೂ ಬಿದ್ದಿತ್ತು; ಬೇರೆ ಹಾಡುಗಳಲ್ಲಿ ಕೋಲಿನ ಸದ್ದು ಅದನ್ನು ಮುಚ್ಚಿತ್ತು. ಅಳಿಸುವಾಗ ಅದು ಯಾರಿಗೂ ಹೊಳೆದಿರಲಿಲ್ಲ. ಸ್ಟುಡಿಯೋಗೆ ಬರುವ ಹಿಂದಿನ ವಾರವಷ್ಟೇ ಮುಗಿಸಿದ ಹಾಡು ಅದು. ಅವಳು ಹಾಡಿದ್ದು ಬೇರೆಲ್ಲೂ ಇರಲಿಲ್ಲ.

ಎಂಟು ತಿಂಗಳಿಂದ ಈ ದನಿಗಾಗಿ ನಾನು ಎಷ್ಟು ಹಂಬಲಿಸಿದ್ದೆ ಎಂದು ಆಗ ಗೊತ್ತಾಯಿತು.

"ಇದನ್ನ ತೆಗೆಯೋಕಾಗಲ್ಲ. ಡ್ರಮ್ಸ್ ಮತ್ತೆ ಬಾರಿಸ್ಬೇಕು," ಎಂದ ಕಿವಿಯಪ್ಪ.

"ನಾನು ಬಾರಿಸಲ್ಲ."

"ಹಂಗಂದ್ರೆ ಹೆಂಗೆ? ಎರಡು ದನಿ ಒಂದಕ್ಕೊಂದು ಡಿಕ್ಕಿ ಹೊಡೀತಿವೆ."

"ಹೊಡೀಲಿ ಬಿಡಿ. ಅಕ್ಕ ಮೊದಲು ಬಂದವಳು. ಸರ್ಕೊಳ್ಳೋದಿದ್ರೆ ಇವಳು ಸರ್ಕೊಳ್ಳಲಿ!"

ಹುಡುಗಿಯ ಮುಖ ಸಪ್ಪಗಾಯಿತು. "ಅವರಷ್ಟು ಚೆನ್ನಾಗಿ ಹಾಡೋಕೆ ನನಗೆ ಬರಲ್ಲ, ಗೊತ್ತು," ಎಂದಳು ಮೆಲ್ಲಗೆ. "ಆದ್ರೆ ಅವರೇ ಕಿವೀಲಿ ಹಾಡ್ತಿದ್ರೆ ನನಗೆ ಬಾಯೇ ಬರಲ್ಲ."

ಉದ್ದ ನನ್ನನ್ನು ಸಮಾಧಾನ ಮಾಡಲು ಬಂದ. ಅವನಿಗೂ ನಾಲ್ಕು ಬೈದು, ಡ್ರಮ್ಸಿನ ಭಾಗವನ್ನಷ್ಟೇ ಫೋನಿಗೆ ಹಾಕಿಸಿಕೊಂಡು, ಸೀದಾ ಕನ್ನಡಕದ ಅಂಗಡಿಗೆ ಹೋದೆ.

ಅಕ್ಕ ಒಬ್ಬ ಮುದುಕರ ಮೂಗಿನ ಮೇಲೆ ಫ್ರೇಮು ಕೂರಿಸುತ್ತಿದ್ದಳು. ಅವರನ್ನು ಕಳಿಸಿಕೊಟ್ಟು, ಕಣ್ಣು ಪರೀಕ್ಷೆಯ ಕತ್ತಲೆ ಕೋಣೆಗೆ ನನ್ನನ್ನು ಕರೆದೊಯ್ದಳು. ಫೋನು ಅವಳ ಕಿವಿಗೆ ಹಿಡಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಎರಡನೇ ಚರಣ ಮುಗಿದು ಎಲ್ಲ ನಿಂತಾಗ ಆ ಉಸಿರು ಕೂಡ ಕೇಳಿಸಿತು, ಸ್ಪಷ್ಟವಾಗಿ. ಅವಳ ಕೈ ತಾನಾಗಿ ಕುತ್ತಿಗೆಯ ಗಾಯದ ಗುರುತಿಗೆ ಹೋಯಿತು. ಕೆನ್ನೆ ಒದ್ದೆಯಾಗಿತ್ತು.

ಮುಗಿದ ಮೇಲೆ ನನ್ನನ್ನು ಒಂದೇ ಸಮನೆ ನೋಡಿದಳು. "ಮೊದಲನೇ ಸಾಲಲ್ಲಿ ಸ್ವರ ಇಳಿದಿದೆ," ಎಂದು ಪಿಸುಗುಟ್ಟಿದಳು.

"ಅಯ್ಯೋ, ನಿನ್ನ ಸ್ವರ ಹಾಳಾಗ್ಲಿ! ಇವರು ಅಳಿಸು ಅಂತಿದ್ದಾರೆ ಅಕ್ಕ. ನಾನು ಆಗಲ್ಲ ಅಂದೆ."

ನಾಲ್ಕು ಮಾತು ಒಟ್ಟಿಗೆ ಆಡಲು ಅವಳು ದಮ್ಮು ಕೂಡಿಸಿಕೊಳ್ಳಬೇಕು.

"ಡಬ್ಬೀ," ಎಂದಳು. ಚಿಕ್ಕಂದಿನಲ್ಲಿ ಸಿಕ್ಕ ಡಬ್ಬಿಯನ್ನೆಲ್ಲ ಬಡಿಯುತ್ತಿದ್ದೆನೆಂದು ಅವಳಿಟ್ಟ ಹೆಸರು. "ನಾವು ಮನೆ ಬಿಡುವಾಗ ಅಮ್ಮ ಏನ್ಮಾಡ್ತಿದ್ದಳು?"

"ಗುಡಿಸಿ ಒರೆಸ್ತಿದ್ದಳು. ಗೋಡೆಯ ಮೊಳೆ ಕೂಡ ಬಿಡ್ತಿರಲಿಲ್ಲ. ಮುಂದೆ ಬರೋರಿಗೆ ನಮ್ಮ ಸಾಮಾನು ಎಡವೋ ಹಾಗಿರಬಾರದು ಅಂತ."

"ಮತ್ತೆ?"

"ಮತ್ತೇನು ಮತ್ತೆ. ನನಗೆ ನೀನು ಬೇಕು."

"ನಾನಿಲ್ಲೇ ಇದ್ದೀನಲ್ಲೇ. ಫೋನಲ್ಲಿ ಇರೋದನ್ನ ನೀನೇ ಇಟ್ಕೋ. ಹಾಡು ಅವಳಿಗೆ ಖಾಲಿ ಮಾಡಿಕೊಡು," ಎಂದಳು. "ನಾಳೆ ನಾನೂ ಬರ್ತೀನಿ."

ಮರುದಿನ ಬೆಳಿಗ್ಗೆ ಬ್ರಷ್ ಹಿಡಿದು ಕೂತೆ. ಕೋಣೆಯಲ್ಲಿ ನಾನೊಬ್ಬಳೇ. ಗಾಜಿನ ಆಚೆ ಕಿವಿಯಪ್ಪ, ಉದ್ದ, ಅವನ ಹೆಂಡತಿ, ಆ ಹುಡುಗಿ. ಹಿಂದಿನ ಸೋಫಾದಲ್ಲಿ ಅಕ್ಕ. ಹೆಡ್‌ಫೋನಿನಲ್ಲಿ ಬೇಸು, ಗಿಟಾರು ಮಾತ್ರ. ಎರಡನೇ ಚರಣದವರೆಗೆ ಕೈ ತಾನಾಗಿ ಓಡಿತು. ಎಲ್ಲ ನಿಂತಿತು. ನಾನೂ ನಿಂತೆ, ನಿಂತೇ ಬಿಟ್ಟೆ. ಗಿಟಾರು ನನ್ನನ್ನು ಬಿಟ್ಟು ಮುಂದೆ ಹೋಯಿತು.

"ತಡ ಆಯ್ತು. ಇನ್ನೊಂದು ಸಲ," ಎಂದ ಕಿವಿಯಪ್ಪ.

ಇನ್ನೊಂದು ಸಲವೂ ಅಷ್ಟೇ, ಮತ್ತೊಂದು ಸಲವೂ ಅಷ್ಟೇ. ನಾಲ್ಕನೆಯ ಸಲ ಅವನಿಗೆ ತಲೆ ಕೆಟ್ಟಿತು. "ಅಲ್ಲಮ್ಮಾ, ಅಲ್ಲೇ ಯಾಕೆ ನಿಂತು ಬಿಡ್ತೀಯ? ಎಣಿಸ್ಕೋ. ಮೂರು ಎಣಿಸಿ ಹೊಡಿ."

"ಎಣಿಸೋದಲ್ಲ ಅದು," ಎಂದೆ. "ಅಕ್ಕ ಉಸಿರು ತಗೋಬೇಕು."

ಗಾಜಿನ ಆಚೆ ಆ ಹುಡುಗಿ ನೆಲ ನೋಡುತ್ತಿದ್ದಳು. ಅಕ್ಕ ಸೋಫಾದಿಂದ ಎದ್ದು ಬಂದು ಕಿವಿಯಪ್ಪನ ಪಕ್ಕ ಕುರ್ಚಿ ಎಳೆದುಕೊಂಡಳು. ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಮತ್ತೆ ಮೊದಲಿನಿಂದ ಹಾಕಿದ.

ಐದನೆಯ ಸಲ. ಮೊದಲ ಚರಣ, ಎರಡನೆಯದು. ಎಲ್ಲ ನಿಂತಿತು. ನನ್ನ ಕೈ ಗಾಳಿಯಲ್ಲೇ ಉಳಿಯಿತು. ತಲೆಯೆತ್ತಿ ಗಾಜಿನಾಚೆ ನೋಡಿದೆ. ಅಕ್ಕ ನನ್ನ ಕೋಣೆಗೆ ಮಾತಾಡುವ ಗುಂಡಿ ಒತ್ತಿಕೊಂಡು ಕೂತಿದ್ದಳು. ಮೈಕಿನ ಹತ್ತಿರ ಬಗ್ಗಿದಳು, ಅವಳ ಎದೆ ಏರಿದ್ದು ಕಾಣಿಸಿತು.

"ತಗೊಂಡೆ," ಎಂದಿತು ಆ ಉಜ್ಜಿದ ದನಿ, ನನ್ನ ಎರಡೂ ಕಿವಿಯಲ್ಲಿ. "ನಡಿ."

ನಾನು ನಡೆದೆ.